ಗುಡ್ಡದ ಆಮೆಗೆ ಕಾಲುವೆಯ ದಾರಿ

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಗಾರ್ಡುಗಳು ಆಗಾಗ ನನ್ನ ಮನೆಗೆ ಬರುತ್ತಾರೆ. ಖಾಕಿಯ ಇಸ್ತ್ರಿ ಇನ್ನೂ ಮುರಿದಿರುವುದಿಲ್ಲ. ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಕೇಳಿಯೇ ಕೇಳುತ್ತಾರೆ: "ಸರ್, ನಿಮ್ಮ ಸರ್ವಿಸ್‌ನಾಗ ಹುಲಿ ನೋಡೀರೇನು?"

ನೋಡಿಲ್ಲಪ್ಪಾ, ನೋಡಿಲ್ಲ. ಹುಲಿ ಹೋಗಲಿ, ಹುಲಿಯ ಚಿತ್ರವಿದ್ದ ಕ್ಯಾಲೆಂಡರೂ ನಮ್ಮ ಆಫೀಸಿನ ಗೋಡೆಯ ಮೇಲೆ ಬಹಳ ದಿನ ಉಳಿಯಲಿಲ್ಲ. ಸಾಹೇಬರ ಮನೆಯವರಿಗೆ ಅದು ಇಷ್ಟವಾಗಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಹಂಪಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ಅವರನ್ನೇ ಒಂದು ಪ್ರಶ್ನೆ ಕೇಳುತ್ತಾಳೆ. "ಕುರುಗೋಡು ಗುಡ್ಡದ ಕಡಿಗಿ ಹೋಗಿದ್ರೇನಪ್ಪಾ? ನಮ್ಮ ಗೌಡ್ತಿ ಕಂಡಳೇನು?" ಹುಡುಗರು ನನ್ನ ಮುಖ ನೋಡುತ್ತಾರೆ. ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂದು ತಿಳಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಸಿಕ್ಕ ಬಡ್ತಿಯ ಕಥೆಯನ್ನು ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದರೆ ಮನೆಯ ಕ್ಷೇಮಸಮಾಚಾರಕ್ಕೂ ಜಾಗ ಉಳಿಯುತ್ತದೆ. ಅದು ಬೇಡ. ನಾನು ಗಾರ್ಡ್ ಆಗಿ ದುಡಿದದ್ದು ಬಳ್ಳಾರಿ, ಕುರುಗೋಡು, ಸಿರುಗುಪ್ಪದಲ್ಲಿ. ಇಲ್ಲಿ ಅರಣ್ಯವೆಂದರೆ ಬಂಡೆ, ಬಂಡೆಯ ಸಂದಿಯಲ್ಲಿ ಜಾಲಿ, ಕಾರೆ, ಪಾಪಾಸುಕಳ್ಳಿ, ಎಲ್ಲದರ ಮೇಲೆ ಬಿಸಿಲು. ಬೇರೆ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗಳು ಜೀಪಿನಿಂದ ಇಳಿದು "ಎಲ್ರೀ ಕಾಡು?" ಎನ್ನುತ್ತಿದ್ದರು. "ಅದರಾಗ ನಿಂತೀರಿ ಸಾಹೇಬ್ರ" ಎಂದರೆ ಸಿಟ್ಟಾಗುತ್ತಿದ್ದರು.

ಈ ಕಾಡಿನಲ್ಲಿ ನಾನು ಕಾಯಬೇಕಾಗಿದ್ದ ಜೀವ ನಕ್ಷತ್ರ ಆಮೆ. ಕಪ್ಪು ಚಿಪ್ಪು, ಅದರ ಮೇಲೆ ಹಳದಿ ಗೆರೆಗಳ ನಕ್ಷತ್ರ. ಬೆಳೆದು ದೊಡ್ಡದಾದರೂ ಬೋರಲು ಹಾಕಿದ ಬಟ್ಟಲಿನಷ್ಟು, ಮರಿಯಾದರೆ ಅರ್ಧ ನಿಂಬೆಹಣ್ಣಿನಷ್ಟು. ಬೇಸಿಗೆಯಲ್ಲಿ ಕಳ್ಳಿಯ ಬುಡದಲ್ಲಿ ಅಡಗಿ, ಮೊದಲ ಮಳೆ ಬಿದ್ದ ಕೂಡಲೇ ಹೊರಗೆ ಬಂದು ಚಿಗುರು ಮೇಯುತ್ತದೆ. ಯಾರಿಗೂ ಕಚ್ಚುವುದಿಲ್ಲ, ಯಾರ ಬೆಳೆಯನ್ನೂ ತಿನ್ನುವುದಿಲ್ಲ. ಅಂಥದ್ದಕ್ಕೆ ಶತ್ರುಗಳು ಯಾಕಿರುತ್ತಾರೆ ಎಂದು ಕೇಳುತ್ತೀರಿ. ನನಗೂ ಹಾಗೇ ಅನ್ನಿಸಿತ್ತು.

ನನ್ನ ಮೊದಲನೆಯ ರೇಂಜರು ನಮ್ಮ ಕಡೆಯವರೇ. ಅವರಿಗೆ ಆಮೆಯ ಬಗ್ಗೆ ಹೇಳಿದಾಗ "ಅದರಿಂದ ಕಟಿಗಿ ಬರ್ತೈತೇನಲೇ?" ಎಂದು ಕೇಳಿದ್ದರು. ಬರುವುದಿಲ್ಲ ಎಂದೆ. "ಹಂಗಾರ ಅದು ನಮ್ಮ ಇಲಾಖೆದಲ್ಲ ಬಿಡು" ಎಂದರು. ಅವರ ಕಾಲದಲ್ಲಿ ನಮ್ಮ ಕೆಲಸವೆಂದರೆ ತಲೆಯ ಮೇಲೆ ಪುಳ್ಳೆಯ ಹೊರೆ ಹೊತ್ತು ಬರುವ ಹೆಣ್ಣುಮಕ್ಕಳನ್ನು ಹಿಡಿದು ನಿಲ್ಲಿಸುವುದು. ಅದೇ ದಾರಿಯಲ್ಲಿ ಗುಡ್ಡವನ್ನೇ ಒಡೆದು ತುಂಬಿಕೊಂಡ ಕಲ್ಲಿನ ಲಾರಿ ಬಂದರೆ ಹೊರೆಯವಳನ್ನು ಬದಿಗೆ ಸರಿಸಿ ಲಾರಿಗೆ ದಾರಿ ಮಾಡಿ ಕೊಡುವುದು.

ಅತ್ತ ಸಿರುಗುಪ್ಪದ ಕಡೆ ತುಂಗಭದ್ರೆಯ ಕಾಲುವೆ ಬಂದು ಭತ್ತ ತೂಗಿತು. ಕಾಲುವೆಯನ್ನು ನಾನು ಬೈಯುವುದಿಲ್ಲ, ಆ ಅಕ್ಕಿಯನ್ನೇ ಉಂಡವನು. ಆದರೆ ಗದ್ದೆ ಮಾಡಲು ದಿಬ್ಬಗಳನ್ನೆಲ್ಲ ಟ್ರ್ಯಾಕ್ಟರ್ ಹಾಯಿಸಿ ಸಮ ಮಾಡಿದರು, ಬೇಲಿಗೆ ಬೆಂಕಿ ಇಟ್ಟರು. ಆಮೆಗೆ ಗೊತ್ತಿರುವುದು ಒಂದೇ ಉಪಾಯ: ಅಪಾಯ ಬಂದರೆ ತಲೆ ಒಳಗೆ ಎಳೆದುಕೊಂಡು ಸುಮ್ಮನೆ ಕೂರುವುದು. ನರಿಗೆ ಅದು ಸಾಕಾಗುತ್ತಿತ್ತು. ಟ್ರ್ಯಾಕ್ಟರಿಗೆ ಸಾಲಲಿಲ್ಲ. ಅದೇ ಉಪಾಯವನ್ನು ನಮ್ಮ ಆಫೀಸಿನವರೂ ಮೇಲಿನಿಂದ ಪತ್ರ ಬಂದಾಗಲೆಲ್ಲ ಬಳಸುತ್ತಿದ್ದರು, ಮತ್ತು ಅವರೆಲ್ಲರೂ ಚೆನ್ನಾಗಿಯೇ ಬದುಕಿದರು.

ಎಪ್ಪತ್ತರ ದಶಕದಲ್ಲಿ ಕಾಡುಪ್ರಾಣಿಗಳನ್ನು ಕಾಪಾಡುವ ಕಾನೂನು ಬಂತು. ಅದರ ಪುಸ್ತಕ ನಮ್ಮ ಆಫೀಸಿಗೂ ಬಂತು. ರೇಂಜರು ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿಸಿ, ಮೂಲೆಗೆ ಕುಂಕುಮ ಹಚ್ಚಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಯಾರಾದರೂ ಓದಿದರೆ ಹಾಳೆ ಮಾಸುತ್ತದೆ ಎಂಬ ಕಾಳಜಿ.

ಅದೇ ಹೊತ್ತಿಗೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ಹುಚ್ಚು ಶುರುವಾಗಿತ್ತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹಿತ್ತಾಳೆಯ ಬೋಗುಣಿಯಲ್ಲಿ ನೀರು ತುಂಬಿ, ಅದರಲ್ಲಿ ಒಂದು ನಕ್ಷತ್ರ ಆಮೆಯ ಮರಿ ಇಟ್ಟರೆ ವ್ಯಾಪಾರ ಕುದುರುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಒಬ್ಬ ಇಟ್ಟ, ಎದುರಿನವನೂ ಇಟ್ಟ, ಪಕ್ಕದವನು ಸುಮ್ಮನಿರುತ್ತಾನೆಯೇ? ಮರಿ ಸತ್ತರೆ "ಅಂಗಡಿಗಿ ಬರೋ ಗಂಡಾಂತರ ಅದು ತಗೊಂಡು ಹೋತು" ಎಂದು ಕೈಮುಗಿದು ಇನ್ನೊಂದು ತರುತ್ತಿದ್ದರು. ಯಾರಿಂದ ತರುತ್ತಾರೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ನಮ್ಮ ಜಾಣತನದಿಂದ ಅಲ್ಲ. ಒಂದು ದಿನ ಕುರುಗೋಡಿನಿಂದ ಬಳ್ಳಾರಿಗೆ ಹೊರಟ ಬಸ್ಸಿನ ಟಾಪಿನ ಮೇಲೆ ಒಂದು ಮೆಣಸಿನಕಾಯಿ ಚೀಲ ನಡೆಯಲು ಶುರುಮಾಡಿತು. ಮೇಲೆ ಕೂತಿದ್ದ ಒಬ್ಬ ಮುದುಕ "ದೆಯ್ಯಂ! ದೆಯ್ಯಂ!" ಎಂದು, ದೆವ್ವ ಕಂಡವನಂತೆ, ತೆಲುಗಿನಲ್ಲಿ ಕೂಗಿಕೊಂಡ. ಕಂಡಕ್ಟರ್ ನಮ್ಮ ಚೌಕಿಯ ಮುಂದೆಯೇ ಬಸ್ ನಿಲ್ಲಿಸಿದ. ಚೀಲ ಯಾರದು ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. "ದಿಕ್ಕಿಲ್ಲದ ಮಾಲು, ಕೆಳಗ ಒಗೀಲೇ" ಎಂದು ಕಂಡಕ್ಟರ್ ಕ್ಲೀನರನಿಗೆ ಹೇಳಿದ್ದೇ ತಡ, ಒಳಗೆ ನಿದ್ದೆ ಮಾಡುವವನಂತೆ ಕೂತಿದ್ದ ಬಿಳಿ ಅಂಗಿಯ ಮನುಷ್ಯ ಎದ್ದು ಓಡಿ ಬಂದ.

"ಏಯ್ ಏಯ್! ಒಗೀಬ್ಯಾಡ್ರೋ ಮಾರಾಯಾ! ಮೆಲ್ಲಕ ಇಳಸ್ರಿ, ಚಿಪ್ಪು ಒಡೀತಾವ!"

ಆತ ಬ್ರೂಸ್‌ಪೇಟೆಯ ಮೆಣಸಿನಕಾಯಿ ಮಂಡಿಯ ವೀರೇಶಪ್ಪ. ಚೀಲದ ತುಂಬ ಆಮೆಗಳು. ಒಂದೊಂದನ್ನೂ ಹಸಿ ಹುಲ್ಲಿನಲ್ಲಿ ಸುತ್ತಿ, ಮೇಲೊಂದು ಪದರ ಮಾತ್ರ ಮೆಣಸಿನಕಾಯಿ ಹಾಕಿದ್ದ. ಪೇಟೆಯವರೂ, ಮದರಾಸಿನ ಗಿರಾಕಿಗಳೂ ಅವನ ಕೈಯಿಂದಲೇ ಕೊಳ್ಳುತ್ತಿದ್ದರು. ಅಷ್ಟು ದಿನ ಸಿಕ್ಕದವನು ಆಮೆಗೆ ಪೆಟ್ಟಾಗುತ್ತದೆಂಬ ಸಂಕಟಕ್ಕೆ ತಾನೇ ಸಿಕ್ಕಿಬಿದ್ದ.

ಕೇಸು ನಡೆಯಿತು. ಕೇಸು ಮುಗಿಯುವವರೆಗೆ ಆಮೆಗಳು ಸರ್ಕಾರಿ ಮಾಲು. ಕಬ್ಬಿಣದ ಕೊಡಲಿ, ಗರಗಸ ಜಪ್ತಿ ಮಾಡಿದರೆ ಮೂಲೆಗೆ ಒಗೆಯುತ್ತಿದ್ದೆವು. ಈ ಮಾಲು ಮೇಯುತ್ತಿತ್ತು. ಆದ್ದರಿಂದ ಬಳ್ಳಾರಿಯ ನನ್ನ ಕ್ವಾರ್ಟರ್ಸಿನ ಹಿತ್ತಲಿಗೆ ಬಂತು. ಹಂಪಮ್ಮ ಮೊದಲನೆಯ ದಿನ "ನೀವು ಮನಿಗಿ ಆಫೀಸ್ ತರೋದು ಸಾಲ್ದಂತ ಈಗ ಕಾಡೂ ತಂದ್ರೇನು?" ಎಂದು ಬೈದಳು. ಮರುದಿನ ನೋಡಿದರೆ ಸಂತೆಯಲ್ಲಿ ಉಳಿದ ಸೊಪ್ಪಿಗೆ ಸೆರಗೊಡ್ಡಿ ನಿಂತಿದ್ದಳು.

ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಹೆಣ್ಣಿಗೆ ಅವಳು ಗೌಡ್ತಿ ಎಂದು ಹೆಸರಿಟ್ಟಳು. ಅದರ ಚಿಪ್ಪಿನ ಅಂಚಿಗೆ ಒಂದು ಚೂರು ಒಡೆದಿತ್ತು. ಪಾಪಾಸುಕಳ್ಳಿಯ ಹಣ್ಣೆಂದರೆ ಪ್ರಾಣ. ತಿಂದು ಮೂತಿಯೆಲ್ಲ ಕೆಂಪು ಮಾಡಿಕೊಂಡು, ಎಲೆಯಡಿಕೆ ಹಾಕಿದ ಯಜಮಾನಿಯಂತೆ ಅಂಗಳದಲ್ಲಿ ತಿರುಗುತ್ತಿತ್ತು. ನಾನು ಡ್ಯೂಟಿಯಿಂದ ಬಂದು ಬೂಟು ಬಿಚ್ಚಿದರೆ ಬೂಟಿನ ಮೇಲೆ ಹತ್ತಿ ಕೂರುತ್ತಿತ್ತು. "ಏಳವ್ವಾ ಗೌಡ್ತಿ, ಅವರ ಬೂಟು ನಾರ್ತಾವ" ಎಂದು ಹಂಪಮ್ಮ ಎತ್ತಿಕೊಳ್ಳುತ್ತಿದ್ದಳು. ನನ್ನ ಜೊತೆ ಅವಳು ಅಷ್ಟು ಮೃದುವಾಗಿ ಮಾತಾಡಿದ್ದು ನನಗೆ ನೆನಪಿಲ್ಲ.

ಕೊನೆಗೆ ವೀರೇಶಪ್ಪನಿಗೆ ದಂಡವಾಯಿತು, ಆಮೆಗಳನ್ನು ಅವುಗಳ ನೆಲೆಗೆ ಬಿಡಬೇಕೆಂದು ಆದೇಶವಾಯಿತು. ಆಗ ನಮಗೆ ಹೊಸ ಸಾಹೇಬರು ಬಂದಿದ್ದರು. ಹಳೆಯವರಿಗೆ ಕಟ್ಟಿಗೆ ಹೇಗೋ, ಇವರಿಗೆ ಸಮಾರಂಭ ಹಾಗೆ. ಒಂದು ಸಸಿ ನೆಡಬೇಕಾದರೂ ಶಾಮಿಯಾನ, ಹಾರ, ಧ್ವನಿವರ್ಧಕ. ಹಾರಗಳು ಹೆಚ್ಚಾಗಿ ಸಸಿ ಕಾಣದೆ ಹೋದದ್ದೂ ಉಂಟು. ಸಿರುಗುಪ್ಪ ತಾಲೂಕಿನ ದೇಶನೂರಿಗೆ ಮಂತ್ರಿಗಳು ಬರುವ ಕಾರ್ಯಕ್ರಮವಿತ್ತು. ಅವರ ಅಮೃತಹಸ್ತದಿಂದಲೇ ಆಮೆಗಳನ್ನು ಅಲ್ಲಿಯ ಕಾಲುವೆಗೆ ಬಿಡಿಸುವುದೆಂದು ಸಾಹೇಬರು ತೀರ್ಮಾನಿಸಿದರು. ಆಮೆಯ ನೆಲೆ ನೀರಲ್ಲದೆ ಮತ್ತೇನು?

ಸಮಾರಂಭಕ್ಕೆ ಎರಡು ದಿನ ಇರುವಾಗ ವೀರೇಶಪ್ಪ ನನ್ನ ಕ್ವಾರ್ಟರ್ಸಿಗೆ ಬಂದ. ಹೊಸಲಿನ ಹೊರಗೇ ನಿಂತು ಚಪ್ಪಲಿ ಬಿಟ್ಟ.

"ಈರಣ್ಣ, ನಿಮ್ಮ ಕೈ ಮುಗೀತೀನಿ. ಅವನ್ನ ನೀರಿಗಿ ಬಿಡಬ್ಯಾಡ್ರಿ. ಅವು ಗುಡ್ಡದವು. ಈಜಾಕ ಬರಂಗಿಲ್ಲ, ಸಾಯ್ತಾವ."

"ಅಂಗಡ್ಯಾಗೆಲ್ಲ ನೀರಾಗ ಇಟ್ಟಾರಲ್ರೀ?" ಎಂದೆ.

ಆತ ನೆಲ ನೋಡಿದ. "ನೀರಾಗ ಇಡ್ರಿ ಅಂತ ನಾನೇ ಹೇಳಿ ಕಳಸ್ತಿದ್ದೆ. ನೀರಾಗ ಇಟ್ರ ಬೇಗ ಸಾಯ್ತಾವ. ಸತ್ರ ಮತ್ತೊಂದು ಒಯ್ತಾರ."

ನನಗೆ ಮೈಯೆಲ್ಲ ಉರಿಯಿತು. "ಥೂ! ಅಂಥಾ ಪುಣ್ಯಾತ್ಮ ಈಗ್ಯಾಕ ಅಳಾಕ ಬಂದಿ?"

"ಬಿತ್ತನಿ ಬೀಜಾನ ಹೊಳಿಗಿ ಹಾಕಿದ್ರ ಮುಂದ ಏನು ಬೆಳೀಬೇಕು, ಈರಣ್ಣ? ಚೀಲದಾಗಿದ್ದವೆಲ್ಲ ತತ್ತಿ ಇಡೋವು. ಗುಡ್ಡಕ್ಕ ಬಿಟ್ರ ಮರಿ ಆಗ್ತಾವ." ಇದನ್ನು ಆತ ಬಹಳ ಸಹಜವಾಗಿ ಹೇಳಿದ. ಆಮೆ ಬದುಕಬೇಕು ಎನ್ನುವುದಕ್ಕೆ ಆ ಕಳ್ಳನ ಹತ್ತಿರ ಒಂದು ಕಾರಣವಾದರೂ ಇತ್ತು. ನಮ್ಮ ಇಲಾಖೆಯಲ್ಲಿ ಅಷ್ಟೂ ಇರಲಿಲ್ಲ.

ಕಳ್ಳನ ಮಾತನ್ನು ನಂಬಬೇಕೋ ಬಿಡಬೇಕೋ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಹಂಪಮ್ಮ ಕೆರೆದುಕೊಳ್ಳಲಿಲ್ಲ. ಬಾವಿಯ ಕಟ್ಟೆಯ ಮೇಲಿದ್ದ ದೊಡ್ಡ ಬಕೆಟ್ಟಿಗೆ ನೀರು ತುಂಬಿ, ಗೌಡ್ತಿಯನ್ನು ಮೆಲ್ಲಗೆ ಬಿಟ್ಟಳು. ಗೌಡ್ತಿ ಒಂದು ಕಡೆಗೆ ವಾಲಿತು. ನಾಲ್ಕೂ ಕಾಲುಗಳನ್ನು ಪಟಪಟ ಬಡಿಯಿತು, ಕತ್ತು ಉದ್ದ ಮಾಡಿ ಬಾಯಿ ತೆರೆಯಿತು, ಮಗುಚಿಕೊಂಡು ಮುಳುಗಿತು. ಹಂಪಮ್ಮ ಭುಜದವರೆಗೆ ಕೈ ಹಾಕಿ ಎತ್ತಿದಳು. ಸೆರಗಿನಿಂದ ಅದರ ಮೂತಿ ಒರೆಸುತ್ತ, "ಹೋಗ್ರಿ, ನಿಮ್ಮ ಸಾಹೇಬ್ರಿಗಿ ಹೇಳಿ ಬರ್ರಿ" ಎಂದಳು.

ಸಾಹೇಬರ ಬಂಗಲೆಗೆ ಹೋದೆ. ಅವರು ಮೈಸೂರು ಕಡೆಯವರು, ಮಾತು ನಯ. ನಾನು ಹೇಳಿದ್ದನ್ನು ಪೂರ್ತಿ ಕೇಳಿ ನಕ್ಕರು.

"ಕೂರ್ಮಾವತಾರ ಗೊತ್ತೇನಯ್ಯಾ ನಿನಗೆ? ಸಮುದ್ರ ಕಡೆದಾಗ ಪರ್ವತ ಹೊತ್ತಿದ್ದು ಯಾರು? ಅದು ಗುಡ್ಡದ ಮೇಲೆ ಕೂತು ಹೊತ್ತಿತ್ತಾ?"

"ಅದು ದೇವರದ್ರೀ. ಇವು ಕುರುಗೋಡಿನವು."

"ನಮ್ಮನೇಲೇ ಇದೆ ಬಾ, ತೋರಿಸ್ತೀನಿ" ಎಂದು ಒಳಗೆ ಕರೆದರು. ಪಡಸಾಲೆಯಲ್ಲಿ ಹಿತ್ತಾಳೆಯ ಬೋಗುಣಿ, ನೀರು, ನೀರಿನಲ್ಲಿ ಕಣ್ಣು ಮುಚ್ಚಿ ಒಂದು ಮರಿ. "ನೋಡು, ಎಷ್ಟು ಆರಾಮಾಗಿದೆ. ಪೇಟೆಯವರು ಪ್ರೀತಿಯಿಂದ ಕೊಟ್ಟಿದ್ದು."

"ಬಾಳ ದಿನ ಆತೇನ್ರೀ ಇದು ಬಂದು?"

"ಇಲ್ಲ, ಇದು ನಾಲ್ಕನೇದು" ಎಂದರು.

ನಾನು ಬೋಗುಣಿಯ ಕಡೆ ನೋಡಿದೆ. ಅವರ ಧ್ವನಿ ಬದಲಾಯಿತು. "ಇದನ್ನೆಲ್ಲ ನಿನಗೆ ಹೇಳಿದ್ದು ಯಾರು?" ವೀರೇಶಪ್ಪ ಎಂದೆ. "ಶಭಾಷ್! ಕಳ್ಳ ಹೇಳಿದ, ಗಾರ್ಡ್ ಕೇಳಿದ. ಮಂತ್ರಿಗಳು ಗುಡ್ಡ ಹತ್ತಬೇಕಾ ನಿನ್ನ ಆಮೆಗೋಸ್ಕರ? ಗುಡ್ಡದ ಮೇಲೆ ಶಾಮಿಯಾನ ನಿಲ್ಲುತ್ತಾ? ಹೋಗು ಹೋಗು."

ಹಿತ್ತಲಿಗೆ ಬಂದು ಕೂತೆ. ಹಂಪಮ್ಮ ನನ್ನ ಮುಖ ನೋಡಿದವಳೇ ಎಲ್ಲ ಆಮೆಗಳನ್ನೂ ಬುಟ್ಟಿಗೆ ತುಂಬಲು ಶುರುಮಾಡಿದಳು. "ಇವು ಗುಡ್ಡಕ್ಕ ಹೋಗ್ತಾವ. ನಿಮ್ಮ ಮಂತ್ರಿಗಿ ಬ್ಯಾರೆ ಯಾವುದಾರ ಆಮಿ ಕೊಡ್ರಿ. ಅವರೇನು ಮುಖಾ ನೋಡಿ ಗುರುತು ಹಿಡೀತಾರ?" ಎಂದಳು. ಬೇರೆ ಆಮೆ ಎಲ್ಲಿಂದ ತರಲಿ ಎನ್ನುವಷ್ಟರಲ್ಲಿ, ಇನ್ನೂ ಬೇಲಿಯ ಹತ್ತಿರವೇ ನಿಂತಿದ್ದ ವೀರೇಶಪ್ಪ ಗಂಟಲು ಸರಿಮಾಡಿಕೊಂಡ. "ಬದ್ಲಿ ಮಾಲು ನಾ ಕೊಡ್ತೀನ್ರೀ. ಹೊಳಿ ಆಮಿ, ನೀರಿನವು. ಬೆಸ್ತರು ನನಗ ಗೊತ್ತದಾರ."

ಹೀಗೆ ಗುಡ್ಡದಿಂದ ಕದ್ದ ಆಮೆಗಳು, ಕದ್ದವನ ಮೆಣಸಿನಕಾಯಿ ಲಾರಿಯಲ್ಲೇ, ಅರಣ್ಯ ಇಲಾಖೆಯ ಗಾರ್ಡಿನ ಬೆಂಗಾವಲಿನಲ್ಲಿ ಹಾಡಹಗಲು ಕುರುಗೋಡಿಗೆ ವಾಪಸ್ಸಾದವು. ಹಂಪಮ್ಮ ಗೌಡ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಿದ್ದಳು. ಗುಡ್ಡದ ಬುಡದಲ್ಲಿ ಕಳ್ಳಿಯ ಪೊದೆಯ ಹತ್ತಿರ ಇಳಿಸಿದಾಗ ಗೌಡ್ತಿ ಹಿಂದಿರುಗಿ ನೋಡದೆ ಹೊರಟುಹೋಯಿತು. "ಎಷ್ಟು ಸೊಕ್ಕು ನೋಡ್ರಿ" ಎಂದು ಹಂಪಮ್ಮ ನಕ್ಕಳು, ನಗುತ್ತಲೇ ಅತ್ತಳು. ವೀರೇಶಪ್ಪ ಜಾಗವನ್ನು ಕಣ್ಣಲ್ಲೇ ಗುರುತು ಮಾಡಿಕೊಳ್ಳುತ್ತಿದ್ದ. "ಈ ಕಡಿಗಿ ಮತ್ತ ಕಾಲಿಟ್ರ ಕಾಲು ಮುರೀತೀನಿ" ಎಂದೆ. "ಛೇ ಛೇ, ಸುಮ್ನ ನೋಡಿದ್ನಿ" ಎಂದ.

ದೇಶನೂರಿನ ಸಮಾರಂಭ ಬಹಳ ಚೆನ್ನಾಗಿ ನಡೆಯಿತು. ಮಂತ್ರಿಗಳು ಅರ್ಧ ತಾಸು ಆಮೆಯಿಂದ ನಾವು ಕಲಿಯಬೇಕಾದ ತಾಳ್ಮೆಯ ಬಗ್ಗೆ ಮಾತಾಡಿದರು. ಜನ ಬಿಸಿಲಲ್ಲಿ ಕೂತು ಅದನ್ನು ಕಲಿತರು. ಬಳಿಕ ಮಂತ್ರಿಗಳು ಬುಟ್ಟಿಗೆ ಕೈ ಹಾಕಿದರು. ನಕ್ಷತ್ರ ಆಮೆಗೆ ಕಚ್ಚಿ ಗೊತ್ತಿಲ್ಲ, ಹೊಳೆಯ ಆಮೆಗೆ ಗೊತ್ತು. "ಅಯ್ಯಯ್ಯಪ್ಪಾ!" ಎಂದು ಮಂತ್ರಿಗಳು ಕೈ ಝಾಡಿಸಿದ ರಭಸಕ್ಕೆ ಆಮೆ ಕಾಲುವೆಯ ನಟ್ಟನಡುವೆ ಹೋಗಿ ಬಿತ್ತು. ಸಾಹೇಬರು ಚಪ್ಪಾಳೆ ಹೊಡೆದರು, ಆದ್ದರಿಂದ ಎಲ್ಲರೂ ಹೊಡೆದರು. ಉಳಿದವನ್ನು ಮಂತ್ರಿಗಳು ಬುಟ್ಟಿಯ ಸಮೇತ ಬಗ್ಗಿಸಿಬಿಟ್ಟರು. ಅವು ಸರಾಗವಾಗಿ ಈಜಿಕೊಂಡು ಹೋದವು. ಚಿಪ್ಪಿನ ಮೇಲೆ ಒಂದು ನಕ್ಷತ್ರವೂ ಇಲ್ಲವೆಂಬುದನ್ನು ಯಾರೂ ಗಮನಿಸಲಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿ, "ನೋಡಿದೆಯೇನಯ್ಯಾ? ಸತ್ತವಾ?" ಎಂದರು.

ನಾನು ಗೆದ್ದೆನೆಂದುಕೊಂಡೆ. ಆ ವಾರವೆಲ್ಲ ಮನೆಯಲ್ಲಿ ಹಬ್ಬದ ಹಾಗಿತ್ತು, ಹಂಪಮ್ಮ ಹೋಳಿಗೆ ಮಾಡಿದಳು.

ಸರ್ಕಾರಿ ಕೆಲಸದಲ್ಲಿ ತಪ್ಪಾದದ್ದು ಮುಚ್ಚಿಹೋಗುತ್ತದೆ, ಸರಿಯಾದದ್ದು ಸುತ್ತೋಲೆಯಾಗುತ್ತದೆ. ದೇಶನೂರಿನ ಪ್ರಯೋಗ ಯಶಸ್ವಿಯಾಯಿತೆಂದು ಸಾಹೇಬರು ವರದಿ ಕಳಿಸಿದರು, ಮೇಲಿನಿಂದ ಮೆಚ್ಚುಗೆ ಬಂತು, ಅದರ ಬೆನ್ನಿಗೇ ಎಲ್ಲ ಚೌಕಿಗಳಿಗೂ ಸೂಚನೆ ಹೋಯಿತು: ಇನ್ನು ಮುಂದೆ ಹಿಡಿದ ಆಮೆಗಳನ್ನೆಲ್ಲ ಕಾಲುವೆಗೇ ಬಿಡಬೇಕು, ನೀರಿನಿಂದ ದೂರ ದಾರಿ ತಪ್ಪಿ ಅಲೆಯುವ ಆಮೆ ಕಂಡರೆ ಅದನ್ನೂ ಒಯ್ದು ನೀರಿಗೆ ಸೇರಿಸಬೇಕು. ಅಂದೇ ಹೋಗಿ ಸಾಹೇಬರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಕೆಲಸ ಹೋದರೂ ಹೋಗಲಿ ಎಂದೇ ಹೇಳಿದೆ.

"ಹಾಗಾದರೆ ಮಾನ್ಯ ಮಂತ್ರಿಗಳು ಬಿಟ್ಟಿದ್ದು ಬೇರೆ ಆಮೆ ಅಂತೀಯಾ?"

"ಹೌದ್ರೀ."

"ಅವರಿಗೆ ಕಚ್ಚಿದ್ದು?"

"ಅದೂ ಬ್ಯಾರೇದ್ರೀ."

ಸಾಹೇಬರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಅವರು ಕೆಟ್ಟವರಲ್ಲ. ನನ್ನ ಮಾತು ನಿಜವೆಂದು ಅವರಿಗೆ ಆ ಕ್ಷಣ ಗೊತ್ತಾಯಿತು, ನಾನು ಕಣ್ಣಾರೆ ಕಂಡೆ. "ಈರಣ್ಣ," ಎಂದರು ಮೆಲ್ಲಗೆ, "ಮಂತ್ರಿಗಳು ಬಿಟ್ಟ ಆಮೆ ಈಜಿದೆ. ಈಗ ಎಲ್ಲ ಆಮೆಗಳೂ ಈಜಲೇಬೇಕು ಕಣಯ್ಯಾ. ಬೇರೆ ದಾರಿ ಇಲ್ಲ." ಕೆಲಸ ಹೋಗಲಿಲ್ಲ. ಸಿರುಗುಪ್ಪದ ನರ್ಸರಿಗೆ ವರ್ಗವಾಯಿತು; ಸಸಿಗಳಿಗೆ ನೀರು ಹಾಕುವುದು, ಗುಡ್ಡದಿಂದ ದೂರ ಇರುವುದು.

ಆದರೂ ಪ್ರತಿ ವರ್ಷ ಮೊದಲ ಮಳೆಯಾದ ಮೇಲೆ ನಾವಿಬ್ಬರೂ ಕುರುಗೋಡಿಗೆ ಹೋಗುತ್ತಿದ್ದೆವು. ಗೌಡ್ತಿ ಒಂದೊಂದು ವರ್ಷ ಕಾಣುತ್ತಿತ್ತು, ಒಂದೊಂದು ವರ್ಷ ಇಲ್ಲ. ಒಂದು ಸಲ ಕಳ್ಳಿಯ ಬುಡದಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಮರಿಗಳು ಕಂಡವು. ಹಂಪಮ್ಮ ನೆಲಕ್ಕೆ ಕೂತು ಅವುಗಳಿಗೆ ದೃಷ್ಟಿ ತೆಗೆದಳು. ಚೌಕಿಯ ಗಾರ್ಡುಗಳಿಗೆ ನಾನು ಸಿಕ್ಕಾಗಲೆಲ್ಲ ಹೇಳುತ್ತಿದ್ದೆ, ಗುಡ್ಡದ ಆಮೆಯನ್ನು ಮುಟ್ಟಬೇಡಿ ಎಂದು. ಹಳಬರು ಮುಟ್ಟಲಿಲ್ಲ, ಕಾಲುವೆಯತನಕ ಹೋಗುವ ಬೇಜಾರಿಗೆ. ಸೋಮಾರಿಗಳಿಂದ ಆಮೆಗೆ ಎಂದೂ ಅಪಾಯವಾಗಲಿಲ್ಲ.

ಅಪಾಯವಾದದ್ದು ಕೆಲಸ ಮಾಡುವವನಿಂದ. ಎಂಬತ್ತರ ದಶಕದಲ್ಲಿ, ಒಂದು ಮಳೆಗಾಲದ ಮಧ್ಯಾಹ್ನ, ಕುರುಗೋಡಿಗೆ ಹೊಸದಾಗಿ ಬಂದಿದ್ದ ಗಾರ್ಡ್ ಒಬ್ಬ ನರ್ಸರಿಗೆ ಬಂದ. ನಿಮ್ಮ ವಯಸ್ಸಿನವನು, ಒಳ್ಳೆಯ ಹುಡುಗ. ಬೆವರು ಒರೆಸಿಕೊಂಡು ಕುಡಿಯಲು ನೀರು ಕೇಳಿದ. ದೇಶನೂರಿಗೆ ಹೋಗಿದ್ದೆ ಎಂದ.

"ಪಾಪ್ರೀ ಸರ್, ಒಂದು ದೊಡ್ಡ ಆಮಿ, ಗುಡ್ಡದಾಗ ನೀರಿಲ್ದ ಒಬ್ಬಂಟಿ ತಿರುಗಾಡತಿತ್ತು. ಮೂತಿ ಎಲ್ಲಾ ಕೆಂಪಗ ಆಗಿತ್ತು, ಗಾಯ ಆಗೇತೋ ಏನೋ ಅಂದ್ಕೊಂಡೆ. ಚಿಪ್ಪಿಗೂ ಒಂದು ಕಡಿ ಒಡದಿತ್ತು. ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡ್ ಬಂದು ಕಾಲುವಿಗಿ ಬಿಟ್ಟೆ."

ಸೈಕಲ್ ತೆಗೆದುಕೊಂಡು ಓಡಿದೆ. ದೇಶನೂರಿನ ಕಾಲುವೆಯ ಏರಿಯ ಮೇಲೆ ತೂಬಿನವರೆಗೂ ಹೋದೆ. ನೀರು ತುಂಬಿ ಹರಿಯುತ್ತಿತ್ತು. ನೀರು ಬಿಡುವ ನೀರಗಂಟಿಯನ್ನು ಕೇಳಿದರೆ, ಅವನಿಗೆ ಏನೂ ಕಂಡಿರಲಿಲ್ಲ. ವಾಪಸ್ಸು ಬಂದಾಗ ಹುಡುಗ ಇನ್ನೂ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಅವನನ್ನು ಬೈಯಬೇಕೆಂದೇ ಬಂದಿದ್ದೆ, ಅವನ ಪಕ್ಕದಲ್ಲಿ ಕೂತೆ.

"ನೀರಿಗಿ ಬಿಟ್ಟಾಗ ಏನು ಮಾಡಿತಪ್ಪಾ ಅದು?" ಎಂದು ಕೇಳಿದೆ.

ಹುಡುಗನ ಮುಖ ಅರಳಿತು. "ಬಾಳ ಖುಷಿ ಆತ್ರೀ ಸರ್ ಅದಕ್ಕ. ನಾಕೂ ಕಾಲು ಪಟಪಟ ಬಡಕೊಂತ ಹೋತು."

ಹಂಪಮ್ಮನಿಗೆ ನಾನು ಇದನ್ನು ಹೇಳಲಾರದೆ ಹೋದೆ. ಈಗ ಅವಳಿಗೆ ಮೊಣಕಾಲು ನೋವು, ಗುಡ್ಡದವರೆಗೆ ನಡೆಯಲಾಗುವುದಿಲ್ಲ. ಮಳೆ ಬಿದ್ದರೆ ಬಾಗಿಲಲ್ಲಿ ನಿಂತು "ಇವತ್ತು ಹೊರಗ ಬಂದಿರ್ತಾಳ" ಎನ್ನುತ್ತಾಳೆ. ಅವಳಿಗೆ ಓದು ಬಾರದು, ಇದನ್ನು ಯಾರೂ ಅವಳಿಗೆ ಓದಿ ಹೇಳಬೇಡಿ. ಚಹಾ ಕುಡಿಯುವಾಗ ಅವಳು ಬಂದು ಕೇಳಿದರೆ ನನ್ನ ಮುಖ ನೋಡಬೇಡಿ. "ಕಂಡಳವ್ವಾ, ಕಳ್ಳಿಹಣ್ಣು ತಿನ್ನಾಕತ್ತಿದ್ದಳು" ಎನ್ನಿ.